ಲೀಗಿನ ಹದಿನೇಳನೆಯ ನಿಯಮ

ಇರಲಾರದೆ ಇರುವೆ ಬಿಟ್ಟುಕೊಳ್ಳುವ ಜನ ಎಲ್ಲ ಊರಿನಲ್ಲೂ ಇರುತ್ತಾರೆ. ಬಿಟ್ಟುಕೊಂಡ ಇರುವೆಗಳಿಗೆ ನಿಯಮಾವಳಿ ಬರೆದು, ಅದನ್ನು ಸೈಕ್ಲೋಸ್ಟೈಲ್ ಮಾಡಿಸಿ ಹಂಚಿದವನು ಮಾತ್ರ ಬಹುಶಃ ನಾನೊಬ್ಬನೇ. ಶಿವಮೊಗ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಅಷ್ಟು ಹೊತ್ತಿಗೆ ಹದಿನಾಲ್ಕು ವರ್ಷ ಸವೆಸಿದ್ದೆ. ನನಗೆ ಹಾಡಲು ಬರುವುದಿಲ್ಲ, ಇಸ್ಪೀಟು ಬರುವುದಿಲ್ಲ, ಇಳಿಜಾರು ಬಂದರೆ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುತ್ತೇನೆ. ಬರುವುದು ಒಂದೇ, ಡ್ರಾಫ್ಟು. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರು ಮಾಡಿದರೆ ಕೊನೆಯ ಪೂರ್ಣವಿರಾಮದವರೆಗೂ ನನ್ನ ಪೆನ್ನು ಎಲ್ಲೂ ಎಡವುವುದಿಲ್ಲ. ಇಂಥ ಮನುಷ್ಯನಿಗೂ ಬ್ಯಾಸ್ಕೆಟ್ ಬಾಲ್ ಆಟಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಉತ್ತರ ಸಿಗುವ ಮುಂಚೆಯೇ ಸುಸ್ತಾಗಿಬಿಡುತ್ತದೆ.

ಲೀಗು ಹುಟ್ಟಿದ್ದು ಒಬ್ಬರ ಹೊಟ್ಟೆಯಿಂದ. ನಮ್ಮೂರಿನಲ್ಲಿ ಅಡಿಕೆ ಮಂಡಿ ಇಟ್ಟಿದ್ದ ಚನ್ನಬಸಪ್ಪನವರು ಆರಡಿ ಎತ್ತರದ ಆಸಾಮಿ, ಕಾಲೇಜಿನ ದಿನಗಳಲ್ಲಿ ಈ ಆಟ ಆಡಿದವರು. ನಲವತ್ತು ದಾಟಿದ ಮೇಲೆ ಅವರ ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯತೊಡಗಿತು. ಡಾಕ್ಟರು, ‘ದಿನಾ ಸಾಯಂಕಾಲ ಏನಾದ್ರೂ ಆಡಿ ಮಾರಾಯ್ರೆ’ ಅಂದರು. ಒಬ್ಬರೇ ಆಡುವುದು ಹೇಗೆ? ಮಂಡಿಯವರದೊಂದು ತಂಡ ಕಟ್ಟಿದರು, ಕೋರ್ಟಿನ ವಕೀಲರನ್ನು ಕೆಣಕಿ ಇನ್ನೊಂದು ಕಟ್ಟಿಸಿದರು. ಭದ್ರಾವತಿಯ ಓಲ್ಡ್ ಟೌನಿನ ಜವಳಿ ವ್ಯಾಪಾರಿಗಳದು ಮೂರನೆಯದಾಯಿತು. ಅಲ್ಲಿಯ ಒಂದು ಕಾರ್ಖಾನೆಯ ಫೋರ್‌ಮನ್ ರಂಗಸ್ವಾಮಿಯವರು ನಾಲ್ಕನೆಯದನ್ನು ತಂದರು. ಮೂವತ್ತು ದಾಟದವರಿಗೆ ಪ್ರವೇಶವಿಲ್ಲ ಎಂಬುದು ಮೊದಲನೆಯ ನಿಯಮ. ಹುಡುಗರು ಬಂದರೆ ನಮ್ಮ ಮರ್ಯಾದೆ ಉಳಿಯುವುದಿಲ್ಲ ಎಂಬುದು ಬರೆಯದೆ ಬಿಟ್ಟ ಕಾರಣ. ಸೆಕ್ರೆಟರಿ ಯಾರು ಎಂಬ ಪ್ರಶ್ನೆ ಬಂದಾಗ ನಾನು ಮಂಡಿಯ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಬಾಯಿ ತುಂಬ ಬಿಸಿ ಕಾಫಿ ಇದ್ದದ್ದರಿಂದ ‘ಬೇಡ’ ಅನ್ನಲಾಗಲಿಲ್ಲ. ನುಂಗಿ ಮುಗಿಸುವಷ್ಟರಲ್ಲಿ ಚಪ್ಪಾಳೆ ತಟ್ಟಿಬಿಟ್ಟಿದ್ದರು.

ಆಟದ ವೈಭವವನ್ನು ಏನೆಂದು ಹೇಳಲಿ! ವಕೀಲರು ಪ್ರತಿ ಫೌಲಿಗೂ ವಾದ ಮಂಡಿಸುತ್ತಿದ್ದರು. ಜವಳಿಯವರಲ್ಲಿ ಇಬ್ಬರು ಪಂಚೆಯನ್ನು ಕಚ್ಚೆ ಹಾಕಿಕೊಂಡು ಆಡುತ್ತಿದ್ದರು, ಅದು ಸಡಿಲವಾದಾಗಲೆಲ್ಲ ಪಂದ್ಯ ನಿಲ್ಲಬೇಕು. ಚನ್ನಬಸಪ್ಪನವರಿಗೆ ಅರ್ಧ ಆಟ ಮುಗಿದ ಮೇಲೆ ಎಲೆ ಅಡಿಕೆ ಆಗಲೇಬೇಕಾಗಿತ್ತು, ಬಾಯಲ್ಲಿ ಅದನ್ನಿಟ್ಟುಕೊಂಡು ಅವರು ಕೂಗುವ ‘ಪಾಸು, ಪಾಸು’ ಎದುರು ತಂಡದವರನ್ನು ದೂರ ಇಡುತ್ತಿತ್ತು. ನಾನು ಅಂಕಣದ ಪಕ್ಕದ ಮೇಜಿನ ಹಿಂದೆ ಕೂತು ಬರೆಯುತ್ತಿದ್ದೆ. ಯಾರು ಎಷ್ಟು ಪಾಯಿಂಟು, ಯಾರಿಗೆ ಎಷ್ಟನೆಯ ಫೌಲು, ಯಾವ ವಕೀಲರ ಯಾವ ಆಕ್ಷೇಪಣೆ, ಎಲ್ಲಕ್ಕೂ ಕಾಲಮ್ಮು ಹಾಕಿಕೊಂಡಿದ್ದೆ. ರೆಫರಿಯಾಗಿದ್ದ ಡ್ರಿಲ್ ಮಾಸ್ತರರು ನಂಬರು ಕೂಗುವುದು, ನಾನು ತಲೆ ಬಗ್ಗಿಸಿ ಬರೆದುಕೊಳ್ಳುವುದು. ಒಂದೂವರೆ ವರ್ಷದಲ್ಲಿ ಒಂದು ಚೆಂಡು ಪೂರ್ತಿ ಬುಟ್ಟಿಯೊಳಗೆ ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದವನಲ್ಲ. ಬಿದ್ದದ್ದೆಲ್ಲ ನನ್ನ ಹಾಳೆಯಲ್ಲಿ ಮಾತ್ರ ಬೀಳುತ್ತಿತ್ತು.

ಹಾಳೆಯಲ್ಲಿ ಅತಿ ಹೆಚ್ಚು ಬೀಳುತ್ತಿದ್ದದ್ದು ಕಾರ್ಖಾನೆ ತಂಡದ ಒಂಬತ್ತನೆಯ ನಂಬರಿನದು. ಅವನ ಹೆಸರು ಮುನಿಸ್ವಾಮಿ, ವಯಸ್ಸು ಮೂವತ್ತನಾಲ್ಕು. ಮನೆಯಲ್ಲಿ ತಮಿಳು, ಹೊರಗೆ ನಮ್ಮ ಹಾಗೇ ಕನ್ನಡ. ಎಂಟು ವರ್ಷದಿಂದ ಆ ಕಾರ್ಖಾನೆಯಲ್ಲಿ ದಿನಗೂಲಿ. ಬೆಳಿಗ್ಗೆ ಗೇಟಿನ ಹತ್ತಿರ ನಿಂತಿರಬೇಕು, ಹೆಸರು ಕೂಗಿದರೆ ಒಳಗೆ, ಕೂಗದಿದ್ದರೆ ವಾಪಸ್ಸು. ಮೂರು ಮಕ್ಕಳು. ಆಟ ಚೆನ್ನಾಗಿ ಆಡುವವರನ್ನು ಆಗೊಮ್ಮೆ ಈಗೊಮ್ಮೆ ಕಾಯಂ ಮಾಡಿಕೊಳ್ಳುವ ಪದ್ಧತಿ ಅಲ್ಲಿತ್ತು. ಆ ವರ್ಷದ ಫೈನಲ್ಲಿಗೆ ಕಾರ್ಖಾನೆಯ ವೆಲ್‌ಫೇರ್ ಆಫೀಸರೇ ಬಂದು ಕೂತು ನೋಡುತ್ತಾರೆ, ಮುನಿಸ್ವಾಮಿ ಆಟ ಒಪ್ಪಿಗೆಯಾದರೆ ಕಾಯಂ ಆಗುತ್ತೆ ಎಂದು ರಂಗಸ್ವಾಮಿಯವರು ನನಗೆ ಎರಡು ಸಲ ಹೇಳಿದ್ದರು. ‘ಸೆಕ್ರೆಟರಿಗಳೇ, ಏನಾದ್ರೂ ಆಗ್ಲಿ, ಫೈನಲ್ ಒಂದು ನಿಲ್ಲಬಾರ್ದು ಕಣ್ರೀ. ಪಾಪ, ಅವನ ಜೀವನದ ಪ್ರಶ್ನೆ.’ ಹಾಗಾಗಿ ನನಗೆ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ಗೊತ್ತಿತ್ತು.

ಲೀಗು ಸೆಮಿಫೈನಲ್ಲಿನ ಹೊಸ್ತಿಲಲ್ಲಿದ್ದಾಗ ಊರಿಗೆ ಕಾಲರಾ ಬಂತು. ಹೊಳೆ ದಂಡೆಯ ಹಳ್ಳಿಗಳಲ್ಲಿ ವಾಂತಿಭೇದಿ ಎಂದು ಮೊದಲು ಗಾಳಿಸುದ್ದಿ, ಆಮೇಲೆ ತಮಟೆ ಬಾರಿಸಿ ಸಾರಿದರು. ಸಂತೆ ನಿಂತಿತು, ಕಬ್ಬಿನ ಹಾಲು ನಿಂತಿತು, ಹೋಟೆಲುಗಳಲ್ಲಿ ಹೆಚ್ಚಿದ ಹಣ್ಣು ಇಡಬಾರದೆಂದಾಯಿತು. ಬಾವಿಗಳಿಗೆ ಬಿಳಿ ಪುಡಿ ಸುರಿದದ್ದರಿಂದ ನಮ್ಮ ಇಡೀ ದುರ್ಗಿಗುಡಿ ಬಡಾವಣೆಯ ಕಾಫಿಗೆ ಒಂದೇ ವಾಸನೆ. ಭಯ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮ ಕಚೇರಿಯ ಜವಾನನ ಅಕ್ಕ ಎರಡೇ ದಿನದಲ್ಲಿ ಹೋಗಿಬಿಟ್ಟಳು, ಅವನು ಕೆಲಸಕ್ಕೆ ಬಂದು ಸುಮ್ಮನೆ ಸ್ಟೂಲಿನ ಮೇಲೆ ಕೂತಿರುತ್ತಿದ್ದ. ಅಂಥ ಸಮಯದಲ್ಲಿ ನಲವತ್ತು ವರ್ಷದ ಗಂಡಸರು ಚೆಂಡಿನ ಹಿಂದೆ ಓಡುವುದು ಸರಿಯೇ ಎಂದು ನನಗೇ ಅನ್ನಿಸಿತ್ತು. ಲೀಗು ನಿಲ್ಲಿಸೋಣ ಎಂದು ಚನ್ನಬಸಪ್ಪನವರ ಹತ್ತಿರ ಹೇಳಿದೆ. ‘ನಿಲ್ಸಿದ್ರೆ ಮನೇಲಿ ಕೂತು ಭಯ ಬೀಳ್ಬೇಕು. ಅದಕ್ಕಿಂತ ಓಡೋದು ವಾಸಿ ಕಣ್ರೀ’ ಅಂದರು. ಆ ಮಾತಿನಲ್ಲಿ ಸತ್ಯವಿತ್ತು. ರಂಗಸ್ವಾಮಿಯವರ ಮಾತೂ ತಲೆಯಲ್ಲಿತ್ತು. ಸರಿ, ನಡೆಸುವುದೆಂದಾಯಿತು. ನಡೆಸುವುದು ಅಂದರೆ ನಾನು ನಡೆಸುವುದು.

ಹೆಲ್ತ್ ಆಫೀಸರನ್ನು ಕಾಣಲು ಹೋದೆ. ಅವರು ನಾಲ್ಕು ದಿನದಿಂದ ಗಡ್ಡ ಬೋಳಿಸಿರಲಿಲ್ಲ. ನಾನು ನೀಟಾಗಿ ಬರೆದು ತಂದಿದ್ದ ಅರ್ಜಿಯನ್ನು ಬೀಸಣಿಗೆ ಮಾಡಿಕೊಂಡು, ‘ಆಡೋರು ಎಷ್ಟು ಜನ?’ ಅಂದರು. ಹೇಳಿದೆ. ‘ಪ್ರತಿಯೊಬ್ಬನೂ ಕಾಲರಾ ಸೂಜಿ ಹಾಕಿಸ್ಕೋಬೇಕು. ಎರಡು ಸಲ. ಚೀಟಿ ಇಲ್ದೋನು ಗ್ರೌಂಡಿಗೆ ಇಳಿಯೋ ಹಾಗಿಲ್ಲ. ಕುಡಿಯೋಕೆ ಕುದಿಸಿದ ನೀರು. ಜನ ಸೇರೋ ಹಾಗಿಲ್ಲ.’ ನಮ್ಮ ಆಟಕ್ಕೆ ಜನ ಸೇರುವ ಭಯ ಇಲ್ಲ ಸಾರ್ ಎಂದು ನಿಜ ಹೇಳಿದೆ. ಮೊದಲ ಸಲ ನಕ್ಕರು.

ಕುದಿಸಿದ ನೀರಿನ ಜವಾಬ್ದಾರಿ ನಮ್ಮ ಮನೆಯ ಬಚ್ಚಲೊಲೆಯ ಮೇಲೆ ಬಿತ್ತು. ನನ್ನಾಕೆ ಸರೋಜ ಮೊದಲ ದಿನ ಉತ್ಸಾಹದಿಂದ ಹಂಡೆ ತುಂಬ ಕಾಯಿಸಿದಳು. ಎರಡನೆಯ ವಾರಕ್ಕೆ, ‘ಅಲ್ರೀ, ಆಡೋರು ಅವರು, ಗೆಲ್ಲೋರು ಅವರು, ನನ್ನ ಕಣ್ಣಿಗೆ ಮಾತ್ರ ಹೊಗೆ ಯಾಕೆ?’ ಎಂದು ಕೇಳತೊಡಗಿದಳು. ಆ ನೀರನ್ನು ಎರಡು ಕೊಡಗಳಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಭದ್ರಾವತಿಯ ಪಂದ್ಯವಿದ್ದ ದಿನ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದೆ. ಇಳಿಯುವಾಗ ಅರ್ಧ ನೀರು ನನ್ನ ಪ್ಯಾಂಟಿನಲ್ಲಿರುತ್ತಿತ್ತು. ಉಳಿದರ್ಧವನ್ನು ಆಟಗಾರರು ಒಂದು ಗುಟುಕು ಕುಡಿದು ಮುಖ ಸಿಂಡರಿಸಿ, ‘ಇದು ಸತ್ತ ನೀರು ಸೆಕ್ರೆಟರಿಗಳೇ, ರುಚಿನೇ ಇಲ್ಲ’ ಎಂದು ಉಗಿದುಬಿಡುತ್ತಿದ್ದರು. ನೀವು ಬದುಕಿರಲಿ ಅಂತಲೇ ಅದನ್ನು ಸಾಯಿಸಿ ತಂದದ್ದು ಎಂದು ಹೇಳಲು ನನಗೂ ಶಕ್ತಿ ಇರುತ್ತಿರಲಿಲ್ಲ.

ಇನ್ನು ಸೂಜಿ. ಹಾಕಿಸಿಕೊಳ್ಳದವರಿಗೆ ಗೊತ್ತಿರಲಾರದು. ಸ್ಪಿರಿಟ್ ಒಲೆಯ ಮೇಲೆ ಕುದಿಸಿ ತೆಗೆದ ದಬ್ಬಳದಂಥ ಸೂಜಿ. ಚುಚ್ಚಿದ ಹೊತ್ತಿನಲ್ಲಿ ಏನೂ ಇಲ್ಲ. ಸಾಯಂಕಾಲಕ್ಕೆ ತೋಳು ಗಟ್ಟಿಯಾಗಿ, ಮಾರನೆಯ ದಿನಕ್ಕೆ ಊದಿ, ಮೈ ಬೆಚ್ಚಗಾಗಿ, ಕೈಯನ್ನು ಭುಜದ ಮೇಲಕ್ಕೆ ಎತ್ತಿದರೆ ಅಜ್ಜ ಅಜ್ಜಿ ಎಲ್ಲ ನೆನಪಾಗುತ್ತಿದ್ದರು. ಬ್ಯಾಸ್ಕೆಟ್ ಬಾಲ್ ಆಟವೋ, ಕೈಯನ್ನು ಭುಜದ ಮೇಲಕ್ಕೆ ಎತ್ತುವುದೇ ಆಟ. ಮೊದಲ ಸೂಜಿಯನ್ನು ಅವರವರ ಇಷ್ಟಕ್ಕೆ ಬಿಟ್ಟದ್ದು ತಪ್ಪಾಯಿತು. ವಕೀಲರು ಪಂದ್ಯದ ಹಿಂದಿನ ದಿನ ಹಾಕಿಸಿಕೊಂಡು ಬಂದು ಐದೂ ಜನ ಕೈ ಎತ್ತಲಾರದೆ ಸೋತರು. ಮಂಡಿಯವರು ಒಂದು ವಾರ ಮುಂಚೆ ಹಾಕಿಸಿಕೊಂಡು ಆರಾಮಾಗಿದ್ದರು, ಇದು ಮೋಸ ಎಂದು ವಕೀಲರು ಮೂರು ಪುಟದ ದೂರು ಕೊಟ್ಟರು. ಜವಳಿಯವರಲ್ಲಿ ಒಬ್ಬರು ಬಲಗೈಗೆ ಹಾಕಿಸಿಕೊಂಡದ್ದರಿಂದ ಊಟಕ್ಕೂ ಸ್ಪೂನು ಹಿಡಿಯಬೇಕಾಗಿ ಬಂದು ಆಟಕ್ಕೆ ಬರಲೇ ಇಲ್ಲ. ಇನ್ನೊಬ್ಬರು ಚೀಟಿ ಕಳೆದುಕೊಂಡು, ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಚೀಟಿ ನೋಡಿ ಸೂಜಿ ಹಾಕಲು ಕೂತಿದ್ದ ಹೆಲ್ತ್ ಇನ್ಸ್‌ಪೆಕ್ಟರ ಕೈಗೆ ಸಿಕ್ಕಿ ಮತ್ತೊಮ್ಮೆ ಚುಚ್ಚಿಸಿಕೊಂಡು, ಅದಕ್ಕೂ ನಾನೇ ಕಾರಣ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಕೇಳಿದ್ದೆ. ಆ ಎಮ್ಮೆ ಯಾವ ಸಂಘದ ಸೆಕ್ರೆಟರಿಯಾಗಿತ್ತೋ ಪಾಪ. ಈ ಎಲ್ಲ ಗಲಾಟೆಯ ನಡುವೆ ಫೈನಲ್ಲಿಗೆ ಉಳಿದವರು ಮಂಡಿಯವರು ಮತ್ತು ಕಾರ್ಖಾನೆಯವರು. ಸೆಮಿಫೈನಲ್ಲಿನಲ್ಲಿ ಒಂಬತ್ತನೆಯ ನಂಬರಿನ ಮುಂದೆ ಇಪ್ಪತ್ತೆರಡು ಪಾಯಿಂಟು ಬರೆದ ನೆನಪು ನನಗಿದೆ. ಅವನೂ ಸೂಜಿ ಹಾಕಿಸಿಕೊಂಡಿದ್ದನಲ್ಲ, ಹೇಗೆ ಆಡಿದ ಎಂದು ಯೋಚಿಸುವ ಗೊಡವೆಗೆ ಹೋಗಲಿಲ್ಲ.

ಎರಡನೆಯ ಸೂಜಿ ಫೈನಲ್ಲಿನ ಮುಂಚೆಯೇ ಆಗಬೇಕಿತ್ತು. ಹೆಲ್ತ್ ಆಫೀಸರು ಕೊಟ್ಟ ಅಪ್ಪಣೆ ಒಂದೇ ಒಂದು ಭಾನುವಾರಕ್ಕೆ, ಕಾಂಪೌಂಡರ್ ಸಿಗುವುದು ಅದರ ಹಿಂದಿನ ಶನಿವಾರ. ಮತ್ತೆ ಮೋಸ, ಮತ್ತೆ ದೂರು ಎಂದು ನೆನೆಸಿಕೊಂಡೇ ತಲೆ ನೋಯತೊಡಗಿತು. ಆಗ ನಾನು ನನ್ನ ಆಯುಧವನ್ನು ಕೈಗೆತ್ತಿಕೊಂಡೆ. ಕಚೇರಿಯಲ್ಲಿ ಕೂತು, ಸರ್ಕಾರದ ಮಸಿಯಲ್ಲಿ ಹದಿನೇಳನೆಯ ನಿಯಮವನ್ನು ಬರೆದೆ: ಫೈನಲ್ ಪಂದ್ಯದ ಉಭಯ ತಂಡಗಳ ಸಮಸ್ತ ಆಟಗಾರರೂ ಪಂದ್ಯದ ಹಿಂದಿನ ದಿನ, ಒಬ್ಬನೇ ಕಾಂಪೌಂಡರನಿಂದ, ಸೆಕ್ರೆಟರಿಯ ಸಮಕ್ಷಮದಲ್ಲಿ, ಯಾವ ವಿನಾಯಿತಿಯೂ ಇಲ್ಲದೆ, ಎಡತೋಳಿಗೇ ಸೂಜಿ ಹಾಕಿಸಿಕೊಳ್ಳತಕ್ಕದ್ದು. ನೋವು ಎಲ್ಲರಿಗೂ ಸಮ, ಬಲಗೈ ಎಲ್ಲರಿಗೂ ಬಿಡುವು. ಎಂಥ ನ್ಯಾಯ! ಬರೆದು ಮುಗಿಸಿ ಎರಡು ಸಲ ಓದಿಕೊಂಡು, ಕಣ್ಣು ತೇವವಾಗುವಷ್ಟು ಸಂತೋಷಪಟ್ಟೆ. ‘ಯಾವ ವಿನಾಯಿತಿಯೂ ಇಲ್ಲದೆ’ ಎಂಬ ಮಾತನ್ನು ಆಮೇಲೆ ಸೇರಿಸಿದ್ದು. ಅದು ಇಲ್ಲದಿದ್ದರೆ ವಾಕ್ಯಕ್ಕೆ ತೂಕ ಕಡಿಮೆ ಅನ್ನಿಸಿತ್ತು. ಎರಡೂ ತಂಡ ಕಟ್ಟಿದವರಿಗೆ ಸಹಿಗೆ ಕಳಿಸಿದೆ. ನನ್ನ ನಿಯಮಗಳನ್ನು ಯಾರೂ ಓದುತ್ತಿರಲಿಲ್ಲ. ಚನ್ನಬಸಪ್ಪನವರು ಅಡಿಕೆ ಚೀಲದ ಮೇಲಿಟ್ಟು ಸಹಿ ಹಾಕಿದರು, ರಂಗಸ್ವಾಮಿಯವರು ಲೇತು ಮಿಷಿನ್ನಿನ ಮೇಲಿಟ್ಟು ಹಾಕಿದರು. ಎಣ್ಣೆಯ ಕಲೆ ಇತ್ತು.

ಶನಿವಾರ ಬೆಳಿಗ್ಗೆ ಶಿವಮೊಗ್ಗದಲ್ಲಿ ಮಂಡಿಯವರಿಗೆ ಹಾಕಿಸಿ, ಕಾಂಪೌಂಡರನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಭದ್ರಾವತಿಗೆ ಹೋದೆ. ಬಿಸಿಲು, ಧೂಳು, ಹೊಟ್ಟೆಗೆ ಒಂದು ಲೋಟ ಸತ್ತ ನೀರು. ರಂಗಸ್ವಾಮಿಯವರು ಶಿಫ್ಟಿನಲ್ಲಿದ್ದರು. ಆಟಗಾರರು ಬನಿಯನ್ನಿನ ತೋಳು ಮಡಿಸಿಕೊಂಡು ಸಾಲಾಗಿ ನಿಂತಿದ್ದರು. ನಾನು ಕುರ್ಚಿಯ ಮೇಲೆ ಪಟ್ಟಿ ಹರಡಿಕೊಂಡು ಒಬ್ಬೊಬ್ಬರಿಗೂ ಗುರುತು ಹಾಕುತ್ತಿದ್ದೆ. ಒಂದು ನೆರಳು ನನ್ನ ಹಾಳೆಯ ಮೇಲೆ ಬಿತ್ತು.

‘ಸಾರ್, ಒಂದು ಮಾತು. ನಂದು ಸ್ವಲ್ಪ ಬೇರೆ...’

‘ಎಲ್ಲರದೂ ಸ್ವಲ್ಪ ಬೇರೆನೇ ಕಣಪ್ಪ. ರೂಲು ಒಂದೇ. ಎಡಗೈ’ ಅಂದೆ, ತಲೆ ಎತ್ತದೆ.

‘ಹೋದ್ಸಲ ಈ ಕೈಗೆ ಹಾಕಿದ್ರು ಸಾರ್, ಅದಕ್ಕೇ...’

‘ಹೋದ ಸಲ ರೂಲು ಇರಲಿಲ್ಲ. ಈಗ ಇದೆ. ಹದಿನೇಳನೇದು. ಹಿಂದೆ ನಿಂತಿರೋರಿಗೆ ಬಿಸಿಲಾಗ್ತಿದೆ, ಬೇಗ ಮುಗಿಸು.’

ನೆರಳು ಕಾಂಪೌಂಡರನ ಕಡೆ ಸರಿಯಿತು. ನಾನು ಒಂಬತ್ತನೆಯ ನಂಬರಿನ ಮುಂದೆ ಗುರುತು ಹಾಕಿದೆ. ಇವತ್ತಿಗೂ ಆ ಗುರುತು ನೆನಪಿದೆ, ಬಹಳ ಅಂದವಾಗಿ ಬಿದ್ದಿತ್ತು.

ಭಾನುವಾರ ಸಾಯಂಕಾಲ ಕಾರ್ಖಾನೆಯ ಕಾಲೋನಿ ಮೈದಾನ. ವೆಲ್‌ಫೇರ್ ಆಫೀಸರು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ತೆಳ್ಳನೆಯ ಮನುಷ್ಯ, ಗಡಿಯಾರ ನೋಡಿಕೊಳ್ಳುವ ಅಭ್ಯಾಸ. ದೂರದಲ್ಲಿ ಬೇಲಿಯ ಹತ್ತಿರ ಮುನಿಸ್ವಾಮಿಯ ಹೆಂಡತಿ, ಸೊಂಟದ ಮೇಲೆ ಚಿಕ್ಕದು, ಸೆರಗು ಹಿಡಿದು ಎರಡು. ನಾನು ಮೇಜು ಜೋಡಿಸುತ್ತಿದ್ದಾಗ ರಂಗಸ್ವಾಮಿಯವರು ಧುಮುಗುಟ್ಟಿಕೊಂಡು ಬಂದರು. ಬಂದವರೇ ಮುನಿಸ್ವಾಮಿಯನ್ನು ನನ್ನ ಮುಂದೆ ನಿಲ್ಲಿಸಿ ಅವನ ಎಡತೋಳು ತೋರಿಸಿದರು. ಅದು ಊದಿ ಹಲಸಿನ ಎಳೆಗಾಯಿಯ ಹಾಗಿತ್ತು.

‘ಏನ್ರೀ ಇದು? ಎಡಚನಿಗೆ ಎಡಗೈಗೇ ಸೂಜಿ ಹಾಕ್ಸಿದೀರಲ್ರೀ! ತಲೇಲಿ ಏನಿದೆ ನಿಮಗೆ?’

‘ಎಡಚನಾ?’ ಅಂದೆ.

ಆ ಒಂದು ಪದ ಹೇಳಿದ್ದೇ ತಡ, ರಂಗಸ್ವಾಮಿಯವರು ನನ್ನನ್ನು ನೋಡಿದ ನೋಟವನ್ನು ವರ್ಣಿಸಲಾರೆ. ‘ಒಂದೂವರೆ ವರ್ಷದಿಂದ ಮೂಗಿನ ಮುಂದೆ ಆಡ್ತಿದಾನೆ ಮಾರಾಯ್ರೆ! ಊರಿಗೆಲ್ಲ ಗೊತ್ತು. ಬೀದಿ ನಾಯಿಗೂ ಗೊತ್ತು.’

ನಮ್ಮ ದೇಶದಲ್ಲಿ ಎಡಗೈಯಲ್ಲಿ ತುತ್ತೆತ್ತಿದ ಮಗುವಿಗೆ ತಾಯಿ ಎರಡು ಬಿಗಿದು ತಿದ್ದುತ್ತಾಳೆ. ಹಾಗಾಗಿ ಎಡಚರೇ ಇಲ್ಲ ಎಂಬುದು ನನ್ನ ನಿಯಮದ ಅಸ್ತಿಭಾರ. ಮುನಿಸ್ವಾಮಿಗೆ ಅದನ್ನೇ ಹೇಳಿದೆ, ಸಮಜಾಯಿಷಿ ಎಂಬಂತೆ. ಅವನು ಸಂಕೋಚದಿಂದ, ‘ನಮ್ಮಮ್ಮ ಇಟ್ಟಿಗೆ ಗೂಡಿಗೆ ಹೋಗ್ತಿದ್ರು ಸಾರ್. ಹೊಡ್ದು ತಿದ್ದೋಕೆ ಪುರ್ಸೊತ್ತಿರ್ಲಿಲ್ಲ’ ಅಂದ. ನನ್ನ ಮೇಲೆ ಅವನಿಗೆ ಸಿಟ್ಟೂ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ‘ನಿನ್ನೆ ಬಾಯ್ಬಿಟ್ಟು ಹೇಳಬಾರದಾಗಿತ್ತೇನೋ’ ಎಂದೆ. ‘ಹೇಳ್ದೆ ಸಾರ್. ರೂಲು ಅಂದ್ರಿ’ ಅಂದ. ಪಂದ್ಯ ಮುಂದಕ್ಕೆ ಹಾಕಲು ಅಪ್ಪಣೆ ಇಲ್ಲ, ಆಫೀಸರು ಮತ್ತೊಂದು ದಿನ ಬರುವವರಲ್ಲ. ಚನ್ನಬಸಪ್ಪನವರ ಹತ್ತಿರ ಹೋಗಿ ಹೇಳಿದೆ. ಅವರಿಗೂ ಕೆಡುಕೆನಿಸಿತು, ‘ಬೇಕಾದ್ರೆ ನಾವು ಅವನನ್ನ ತಡೆಯೋದಿಲ್ಲ, ಎಷ್ಟು ಸಲ ಬೇಕಾದ್ರೂ ಹಾಕ್ಲಿ’ ಅಂದರು. ಅಷ್ಟರಲ್ಲಿ ಡ್ರಿಲ್ ಮಾಸ್ತರರು ಸೀಟಿ ಊದಿದರು.

ಆ ದಿನ ನಾನು ಮೊದಲ ಸಲ ತಲೆ ಎತ್ತಿ ಆಟ ನೋಡಿದೆ. ನೋಡಬಾರದಾಗಿತ್ತು. ಹತ್ತೂ ಜನರಿಗೂ ಮೈ ಬೆಚ್ಚಗೆ, ಹತ್ತೂ ಎಡತೋಳುಗಳು ಜೋತುಬಿದ್ದಿದ್ದವು. ಓಡಬೇಕಾದವರು ನಡೆದರು, ನಡೆಯಬೇಕಾದವರು ಕೂತರು. ಚನ್ನಬಸಪ್ಪನವರ ತಂಡ ಮಾತಿನಂತೆ ಮುನಿಸ್ವಾಮಿಗೆ ದಾರಿ ಬಿಟ್ಟುಕೊಟ್ಟಿತು. ಅವನು ಬಲಗೈಯಲ್ಲಿ ಎಸೆದ. ಚೆಂಡು ಬೋರ್ಡಿಗೆ ತಾಗದೆ ಆಚೆ ಹೋಗಿ ಬಿತ್ತು. ಮತ್ತೆ ಎಸೆದ, ರಿಂಗಿನ ಕೆಳಗಿನಿಂದಲೇ ಹೋಯಿತು. ಒಂದು ಸಲ ಅಭ್ಯಾಸಬಲದಿಂದ ಎಡಗೈ ಎತ್ತಿಬಿಟ್ಟ, ಅರ್ಧಕ್ಕೆ ಮುಖ ಕಿವುಚಿ ಇಳಿಸಿದ, ಚೆಂಡು ಅವನ ಕಾಲ ಮೇಲೇ ಬಿತ್ತು. ಬೇಲಿಯ ಹತ್ತಿರ ಅವನ ಮಗಳು ಚಪ್ಪಾಳೆ ತಟ್ಟಿದಳು, ಪಾಪ, ಅಪ್ಪನ ಕೈಗೆ ಚೆಂಡು ಬಂದರೆ ಚಪ್ಪಾಳೆ ತಟ್ಟುವುದು ಅವಳಿಗೆ ರೂಢಿ. ಕೊನೆಗೆ ಮಂಡಿಯವರು ಹದಿನಾಲ್ಕು, ಕಾರ್ಖಾನೆಯವರು ಒಂಬತ್ತು. ಒಂಬತ್ತನೆಯ ನಂಬರಿನ ಮುಂದೆ ಸೊನ್ನೆ. ಆ ಸೊನ್ನೆಯನ್ನು ನಾನೇ ಬರೆದೆ.

ಆಫೀಸರು ಎದ್ದು ಜೀಪಿನ ಕಡೆ ನಡೆದರು. ರಂಗಸ್ವಾಮಿಯವರಿಗೆ, ‘ಬಹಳ ಹೇಳಿದ್ರಿ ಇವನ ಬಗ್ಗೆ. ಇದಕ್ಕಿಂತ ನಮ್ಮ ಡ್ರೈವರ್ ಚೆನ್ನಾಗಿ ಎಸೀತಾನೆ’ ಅಂದದ್ದು ನನ್ನ ಕಿವಿಗೆ ಬಿತ್ತು. ಹದಿನಾಲ್ಕು ವರ್ಷದ ಸರ್ವಿಸಿನಲ್ಲಿ ನಾನು ಯಾವ ಆಫೀಸರ ಹಿಂದೆಯೂ ಓಡಿದವನಲ್ಲ. ಅವತ್ತು ಓಡಿದೆ. ಒಂದು ಕೈಯಲ್ಲಿ ಹಾಳೆ, ಒಂದು ಕೈಯಲ್ಲಿ ನಿಯಮಾವಳಿ.

‘ಸಾರ್, ಅವನದೇನೂ ತಪ್ಪಿಲ್ಲ. ಅವನು ಎಡಚ. ಎಡಗೈಗೆ ಸೂಜಿ ಹಾಕಿಸಿದ್ದು ನಾನು.’

‘ನೀವ್ಯಾರು? ಡಾಕ್ಟರಾ?’

‘ಅಲ್ಲ ಸಾರ್, ಸೆಕ್ರೆಟರಿ. ರೂಲು ಮಾಡಿದ್ದೆ.’ ಹದಿನೇಳನೆಯ ನಿಯಮವನ್ನು ಮುಂದೆ ಹಿಡಿದೆ.

ಅವರು ಓದಿದರು. ನನ್ನ ಜೀವಮಾನದಲ್ಲಿ ನನ್ನ ನಿಯಮವೊಂದನ್ನು ಮೊದಲಕ್ಷರದಿಂದ ಕೊನೆಯವರೆಗೆ ಓದಿದ ಏಕೈಕ ಮನುಷ್ಯ. ಓದಿ, ನನ್ನನ್ನು ನೋಡಿ, ದೂರದಲ್ಲಿ ನಿಂತಿದ್ದ ಮುನಿಸ್ವಾಮಿಯನ್ನು ಕರೆಸಿದರು. ‘ಈ ರೂಲಿಂದ ನಿನ್ನ ಆಟ ಹಾಳಾಗುತ್ತೆ ಅಂತ ಗೊತ್ತಿತ್ತಾ?’ ‘ಗೊತ್ತಿತ್ತು ಸಾರ್.’ ‘ಮತ್ತೆ ಯಾಕೆ ತೋಳು ಕೊಟ್ಟೆ?’ ಮುನಿಸ್ವಾಮಿ, ‘ಹಿಂದೆ ನಿಂತಿರೋರಿಗೆ ಬಿಸಿಲಾಗ್ತಿತ್ತು ಸಾರ್’ ಅಂದ.

ಆಫೀಸರು ಗಡಿಯಾರ ನೋಡಲಿಲ್ಲ. ಜೀಪಿಗೆ ಒರಗಿ ನಿಂತು, ‘ಇದನ್ನ ಬರೆದು ಕೊಡ್ತೀರಾ?’ ಎಂದು ನನ್ನನ್ನು ಕೇಳಿದರು. ಬರೆಯುವುದೇ? ಅದೊಂದೇ ತಾನೆ ನನಗೆ ಬರುವುದು! ಜೀಪಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟು, ಅವರ ಫೈಲಿಗೆ ಬೇಕಾದ ಇಂಗ್ಲಿಷಿನಲ್ಲಿ, ನಿಯಮದ ರಚನೆಯಲ್ಲಿ ಕೆಲವು ಲೋಪಗಳು ಕಂಡುಬಂದಿರುತ್ತವೆ ಎಂದು ನಮ್ಮ ಕಚೇರಿಯ ಧಾಟಿಯಲ್ಲಿ ಶುರು ಮಾಡಿದೆ. ಅವರು ಹೆಗಲ ಮೇಲಿಂದ ಬಗ್ಗಿ ನೋಡಿ, ‘ತಾನಾಗಿ ಕಂಡುಬಂತಾ? ಯಾರು ಮಾಡಿದ್ದು? ಹೆಸರು ಹಾಕಿ’ ಅಂದರು. ಹೆಸರು ಹಾಕಿದೆ. ‘ಯಾಕೆ ಮಾಡಿದ್ರಿ?’ ‘ನ್ಯಾಯಕ್ಕಾಗಿ ಸಾರ್.’ ‘ಅದಲ್ಲ. ಎಡಚ ಅಂತ ಯಾಕೆ ಗೊತ್ತಾಗಲಿಲ್ಲ, ಅದನ್ನ ಬರೀರಿ.’ ಹೀಗೆ ಒಂದೊಂದೇ ಕೇಳುತ್ತ, ಬರೆಸುತ್ತ, ಎರಡು ಹಾಳೆಯಾಯಿತು. ಕನ್ನಡದಲ್ಲಿ ಅದರ ಸಾರಾಂಶ ಇಷ್ಟು: ಸದರಿ ಆಟಗಾರನು ಎಡಚನೆಂಬುದನ್ನು ಒಂದೂವರೆ ವರ್ಷ ಎದುರಿಗೇ ಕೂತಿದ್ದರೂ ನಾನು ಗಮನಿಸಿರುವುದಿಲ್ಲ, ಆತನು ನಿವೇದಿಸಿಕೊಳ್ಳಲು ಬಂದಾಗ ತಲೆ ಎತ್ತಿ ನೋಡಿರುವುದಿಲ್ಲ, ಸದರಿ ನಿಯಮವು ನನ್ನ ಸ್ವಂತ ಅವಿವೇಕದ ಫಲವಾಗಿದ್ದು, ಇದರಲ್ಲಿ ಬೇರೆ ಯಾರ ಅವಿವೇಕವೂ ಸೇರಿರುವುದಿಲ್ಲ. ಕೆಳಗೆ ಸಹಿ, ತಾರೀಖು, ಕಚೇರಿಯ ವಿಳಾಸ. ಆಫೀಸರು ಮಡಚಿ ಜೇಬಿಗಿಟ್ಟುಕೊಂಡರು. ‘ಆಟಗಾರರು ಬೇಕಾದಷ್ಟು ಸಿಗ್ತಾರೆ. ಇಂಥ ರೂಲನ್ನೂ ಪಾಲಿಸೋನು ಸಿಗೋದು ಕಷ್ಟ. ನಮ್ಮ ಸ್ಟೋರ್ ರೂಮಿಗೆ ಅಂಥೋನೊಬ್ಬ ಬೇಕಾಗಿದ್ದ’ ಎಂದು ಜೀಪು ಹತ್ತಿದರು.

ಮಳೆಗಾಲಕ್ಕೆ ಮೊದಲು ಕಾಲರಾ ಇಳಿಯಿತು, ಅದರ ಬೆನ್ನಿಗೇ ಮುನಿಸ್ವಾಮಿ ಕಾಯಂ ಆದ. ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ. ಅಲ್ಲಿ ಅವನು ಚೀಟಿ ಇಲ್ಲದೆ ಒಂದು ಸ್ಪ್ಯಾನರನ್ನೂ ಕೊಡುವುದಿಲ್ಲವಂತೆ, ಸ್ವತಃ ರಂಗಸ್ವಾಮಿಯವರು ಹೋದರೂ ‘ರೂಲು ಸಾರ್’ ಎಂದು ಕೈ ಮುಗಿಯುತ್ತಾನಂತೆ. ಅವರು ಸಿಕ್ಕಾಗಲೆಲ್ಲ ನನ್ನನ್ನು ಬೈಯುತ್ತಾರೆ. ಒಂದು ಭಾನುವಾರ ಮುನಿಸ್ವಾಮಿ ಹೆಂಡತಿ ಮಕ್ಕಳೊಂದಿಗೆ ನಮ್ಮ ಮನೆಗೆ ಬಂದ, ಹೊಸ ಶರ್ಟು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಕಾಲಿಗೆ ಬೀಳಲು ಬಗ್ಗಿದವನನ್ನು ಹಿಡಿದು ಎತ್ತುವಷ್ಟರಲ್ಲಿ ನನಗೆ ಸಾಕಾಗಿ ಹೋಯಿತು. ಸರೋಜ ಕಾಫಿ ತಂದಳು. ಅವನು ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡ. ಈ ಸಲ ನಾನು ನೋಡಿದೆ.

‘ನೀವು ಬರೆದುಕೊಟ್ರಲ್ಲ ಸಾರ್, ಆ ಕಾಗದ ನನ್ನ ಸರ್ವಿಸ್ ಬುಕ್ಕಲ್ಲಿ ಮೊದಲನೇ ಹಾಳೆಗೇ ಅಂಟ್ಸಿದಾರೆ. ರಜ ಕೇಳಿದ್ರೂ ಅದನ್ನ ಓದ್ತಾರೆ, ಇಂಕ್ರಿಮೆಂಟ್ ಬಂದ್ರೂ ಓದ್ತಾರೆ. ಹೊಸ ಆಫೀಸರು ಬಂದ್ರಂತೂ ಎಲ್ಲರನ್ನೂ ಕರೆದು ಓದಿ ಹೇಳ್ತಾರೆ. ಅಕ್ಷರ ಭಾಳ ದುಂಡಗಿದೆ ಅಂತಾರೆ ಸಾರ್.’

‘ಓಹೋ’ ಅಂದೆ.

‘ನನಗೆ ಇಂಗ್ಲಿಷ್ ಬರಲ್ಲ. ಅದರಲ್ಲಿ ನನ್ನ ಬಗ್ಗೆ ಏನ್ ಬರೆದಿದೀರ ಸಾರ್?’

‘ನಿನ್ನದೇನೂ ತಪ್ಪಿಲ್ಲ ಅಂತ.’

‘ಎರಡು ಹಾಳೆ ತುಂಬ ಅದೇನಾ?’

‘ಮಿಕ್ಕಿದ್ದು ನನ್ನ ವಿಷಯ’ ಅಂದೆ.

ಅವನ ಮುಖ ಅರಳಿತು. ‘ಒಳ್ಳೇದೇ ಆಯ್ತು ಬಿಡಿ ಸಾರ್. ನಿಮ್ಮ ವಿಷಯಾನೂ ನಾಲ್ಕು ಜನಕ್ಕೆ ತಿಳೀಬೇಕು.’

ತಿಳಿಯುತ್ತಿದೆ. ಅವನಿಗೆ ಇನ್ನೂ ಇಪ್ಪತ್ತೊಂದು ವರ್ಷ ಸರ್ವಿಸ್ ಇದೆ.